ಮಂಟಪದ ಗೋಡೆಯ ಮೇಲಿನ ಕುಷ್ಟಗಿ

ಕುಷ್ಟಗಿಯ ಹೊಸ ಕಲ್ಯಾಣ ಮಂಟಪಕ್ಕೆ ಕಾಲಿಡುತ್ತಲೇ ಎದುರಿನ ಗೋಡೆಯ ತುಂಬ ನಮ್ಮ ಊರಿನ ಫೋಟೋ ಕಾಣುತ್ತದೆ. ಆಕಾಶದಿಂದ, ಸುತ್ತಲೂ ತಿರುಗಿ ತೆಗೆದದ್ದು. ತೆಗೆದವನು ನಾನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆಗೆ ಬಂದವರೆಲ್ಲ ನನ್ನ ಕೊರಳಿನ ಕ್ಯಾಮೆರಾ ನೋಡಿ ಇದನ್ನು ನೀವೇ ತೆಗೆದಿದ್ದೇ ಎಂದು ಕೇಳುತ್ತಾರೆ, ಅಲ್ಲ ಅಲ್ಲ ಎಂದು ಹೇಳಿ ನನ್ನ ಬಾಯಿ ಸೋತಿದೆ.

ತೆಗೆದವನು ನನ್ನ ಗೆಳೆಯ. ಕೊಪ್ಪಳದ ಒಂದು ಸ್ಟುಡಿಯೋದಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಕಲಿತವರು. ಮದುವೆಗಳಲ್ಲಿ ಅವನು ಲೈಟು ಹಿಡಿದರೆ ನಾನು ಕ್ಯಾಮೆರಾ, ನಾನು ಲೈಟು ಹಿಡಿದರೆ ಅವನು. ಯಲಬುರ್ಗಾ ಕಡೆಯ ಮದುವೆ ಮುಗಿಸಿ ಬರುವಾಗ ಒಂದೇ ಬೈಕಿನಲ್ಲಿ ಬರುತ್ತಿದ್ದೆವು. ಆಮೇಲೆ ಅವನು ಗಂಗಾವತಿಗೆ ಹೋಗಿ ಅಂಗಡಿ ಹಾಕಿದ, ನಾನು ನನ್ನ ಊರಿಗೆ ಬಂದು ಹಾಕಿದೆ. ಅಲ್ಲಿಯವರೆಗೂ ನಮ್ಮಿಬ್ಬರ ತಕ್ಕಡಿ ಸರಿಯಾಗಿಯೇ ಇತ್ತು. ಡ್ರೋನ್ ಬಂದ ಮೇಲೆ ಅದು ಅವನ ಕಡೆ ವಾಲಿತು.

ಗಂಗಾವತಿ ಕಡೆ ಮೇಲಿಂದ ನೋಡಿದರೆ ಏನಿಲ್ಲ ಹೇಳಿ. ಕಾಲುವೆಯ ನೀರು, ನಾಟಿ ಮಾಡಿದ ಭತ್ತದ ಗದ್ದೆ, ನಡುನಡುವೆ ಯಾರೋ ಆಟಕ್ಕೆ ಪೇರಿಸಿಟ್ಟಂಥ ಬಂಡೆಗಳ ಗುಡ್ಡ. ಕಣ್ಣು ಮುಚ್ಚಿ ಬಟನ್ ಒತ್ತಿದರೂ ಚಿತ್ರವೇ. ನಮ್ಮ ಕಡೆ ನೋಡಿದರೆ ಜೋಳದ ಹೊಲ, ಅದರಾಚೆ ಇನ್ನೊಂದು ಜೋಳದ ಹೊಲ. ಹಸಿರಿಗೆಂದು ಅಲ್ಲಲ್ಲಿ ದಾಳಿಂಬೆ ತೋಟ, ಅದಕ್ಕೂ ಹಕ್ಕಿ ಕಾಟಕ್ಕೆ ಬಲೆ ಹೊದಿಸಿರುತ್ತಾರೆ. ಅವನು ತೆಗೆದದ್ದನ್ನು ಕಾರಟಗಿಯ ರೈಸ್ ಮಿಲ್ಲಿನವರು, ಕನಕಗಿರಿಯ ಮಾಸ್ತರರು ಎಲ್ಲ ವಾಟ್ಸಾಪ್ ಸ್ಟೇಟಸ್ಸಿಗೆ ಇಟ್ಟುಕೊಳ್ಳುತ್ತಿದ್ದರು. ಒಂದು ದಿನ ನನ್ನ ಹೆಂಡತಿಯೂ ಇಟ್ಟುಕೊಂಡಳು. ಆ ದಿನ ನನಗೆ ಊಟ ಸೇರಲಿಲ್ಲ. ಇದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ, ಹೊಟ್ಟೆಕಿಚ್ಚೇ. ಹೀಗಾಗಿ ನಾನೂ ಒಂದು ಡ್ರೋನ್ ಕೊಂಡೆ.

ಮಂಟಪದ ಮಾಲೀಕರು ನಮ್ಮ ಓಣಿಯವರು. ಬಾಗಿಲ ಎದುರಿನ ಗೋಡೆಗೆ ಇಡೀ ಊರು ಒಂದೇ ಫೋಟೋದಲ್ಲಿ ಬರಬೇಕು ಎಂಬುದು ಅವರ ಆಸೆ. ನನ್ನನ್ನು ಕೇಳಿದರು, ಒಪ್ಪಿದೆ. ಮನೆಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಗಂಗಾವತಿಯವನನ್ನೂ ಕೇಳಿದ್ದಾರೆ ಎಂಬ ಸುದ್ದಿ ಬಂತು. ಇಬ್ಬರೂ ತೆಗೆಯಲಿ, ಚೆಂದ ಕಂಡದ್ದನ್ನು ಗೋಡೆಗೆ ಹಾಕೋಣ ಅಂದರಂತೆ. ಊರು ನನ್ನದು, ಗೋಡೆ ನನ್ನ ಊರಿನದು, ಅದಕ್ಕೆ ಗಂಗಾವತಿಯಿಂದ ಜನ ಬರಬೇಕೆ? ಬೇರೆ ಯಾವ ಕೆಲಸ ಕೈತಪ್ಪಿದ್ದರೂ ನಾಲ್ಕು ದಿನ ಗೊಣಗಿ ಬಿಡುತ್ತಿದ್ದೆ. ಆ ಗೋಡೆ ಮಾತ್ರ ನನ್ನದಾಗಲೇಬೇಕಿತ್ತು.

ಇಂಥ ಫೋಟೋ ಒಂದೇ ಏಟಿಗೆ ಸಿಗುವುದಲ್ಲ. ಡ್ರೋನನ್ನು ಮೇಲೆ ಒಂದೇ ಕಡೆ ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಸುತ್ತು ಪೂರ್ತಿಯಾಗುವ ತನಕ ಒಂದೊಂದೇ ತುಂಡು ತೆಗೆಯಬೇಕು. ಪ್ರತಿ ತುಂಡಿನಲ್ಲೂ ಹಿಂದಿನದರ ಅಂಚು ಒಂದಷ್ಟು ಇರಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಅಂಚಿಗೆ ಅಂಚು ಹೊಂದಿಸಿ ಹೊಲಿಯುವುದು. ಮನೆ, ಹೊಲ, ಗಿಡ ನಿಂತಲ್ಲೇ ನಿಂತಿರುವುದರಿಂದ ತಾವಾಗಿಯೇ ಹೊಂದಿಕೊಳ್ಳುತ್ತವೆ. ಕಾಟ ಕೊಡುವುದು ಓಡಾಡುವವರು. ಒಂದು ತುಂಡಿನಲ್ಲಿ ಇದ್ದವನು ಇನ್ನೊಂದನ್ನು ತೆಗೆಯುವಷ್ಟರಲ್ಲಿ ಮುಂದೆ ಹೋಗಿರುತ್ತಾನೆ. ಹೊಲಿದು ಮುಗಿಸಿದಾಗ ಒಬ್ಬನೇ ಮನುಷ್ಯ ಎರಡು ಕಡೆ ಇರುತ್ತಾನೆ, ಇಲ್ಲವೇ ಎಮ್ಮೆಗೆ ಹಿಂಗಾಲು ಇರುವುದಿಲ್ಲ.

ಮೊದಲ ಸಲ ಬೆಳಕಿನ ಅಳತೆಯನ್ನು ಕ್ಯಾಮೆರಾದ ಇಷ್ಟಕ್ಕೆ ಬಿಟ್ಟೆ. ಒಂದು ತುಂಡಿನ ಆಕಾಶ ತಿಳಿನೀಲಿ, ಪಕ್ಕದ್ದು ಕಡುನೀಲಿ, ಹೊಲಿದರೆ ಚಾಪೆಯ ಹಾಗೆ ಪಟ್ಟೆಪಟ್ಟೆ. ಮತ್ತೊಮ್ಮೆ ಏರಿಸಿದಾಗ ಒಂದು ಹದ್ದು ಡ್ರೋನಿನ ಬೆನ್ನು ಹತ್ತಿತು, ಜೀವ ಕೈಯಲ್ಲಿ ಹಿಡಿದುಕೊಂಡು ಇಳಿಸಿದೆ. ಅದಾದ ಮೇಲೆ ತೆಗೆದದ್ದು ಚೆನ್ನಾಗಿಯೇ ಬಂತು, ಜನರದ್ದೊಂದು ಬಿಟ್ಟು. ಬಸ್‌ಸ್ಟ್ಯಾಂಡಿನ ಮುಂದೆ ಅರ್ಧ ಆಟೋ, ಸಂತೆಯಲ್ಲಿ ತಲೆಯಿಲ್ಲದೆ ಬುಟ್ಟಿ ಹೊತ್ತ ಹೆಂಗಸು. ಗೆಳೆಯ ಇಂಥದ್ದನ್ನೇ ಹುಡುಕಿ ನಗುತ್ತಾನೆಂದು ನನಗೆ ಗೊತ್ತಿತ್ತು. ಅದಕ್ಕೇ ಮಧ್ಯಾಹ್ನಗಳೆಲ್ಲ ಅಂಗಡಿಯಲ್ಲಿ ಕೂತು ಅಳಿಸುತ್ತ ಹೋದೆ. ಅರ್ಧ ಇದ್ದವರನ್ನು ಅಳಿಸಿದೆ, ಎರಡು ಕಡೆ ಇದ್ದವರನ್ನು ಅಳಿಸಿದೆ, ಕೊನೆಗೆ ಅನುಮಾನ ಬಂದವರನ್ನೆಲ್ಲ ಅಳಿಸಿದೆ. ಭೂತಗನ್ನಡಿ ಹಿಡಿದರೂ ಹೊಲಿಗೆ ಕಾಣಬಾರದು, ಹಾಗೆ ಮಾಡಿದೆ.

ಆ ಕೆಲಸ ನಡೆದಿರುವಾಗಲೇ ಒಂದು ಬೆಳಿಗ್ಗೆ, ಗಂಗಾವತಿಯವನು ಬಂದು ಊರಾಚೆ ಡ್ರೋನ್ ಏರಿಸುತ್ತಿದ್ದಾನೆ ಎಂದು ಚಹಾದಂಗಡಿಯವನು ಹೇಳಿದ. ಕೂರಲಾಗಲಿಲ್ಲ. ಹೆಂಡತಿ ಕೊಡಿಸಿದ ಹಳದಿ ಹೆಲ್ಮೆಟ್ ಏರಿಸಿ ಸ್ಕೂಟರ್ ಹತ್ತಿದೆ. ಊರೊಳಗೂ ಹೆಲ್ಮೆಟ್ ಹಾಕುವವನು ನಾನೊಬ್ಬನೇ, ಅದಕ್ಕೆ ಓಣಿಯವರು ನನ್ನನ್ನು ನಿಂಬೆಹಣ್ಣು ಎಂದು ಆಡಿಕೊಳ್ಳುತ್ತಾರೆ. ಅವನು ಎಲ್ಲಿ ನಿಂತಿದ್ದಾನೆ, ಎಷ್ಟು ಎತ್ತರಕ್ಕೆ ಏರಿಸಿದ್ದಾನೆ ಎಂದಷ್ಟೇ ನೋಡಿ ಬರುವುದಿತ್ತು. ದಾಳಿಂಬೆ ತೋಟದ ಬದಿಯ ರಸ್ತೆಯಲ್ಲಿ ಹೋಗಿ, ಬೇವಿನ ಗಿಡದ ಹಿಂದೆ ಗಾಡಿ ನಿಲ್ಲಿಸಿ, ಕತ್ತು ಹೊರಗೆ ಚಾಚಿದೆ. ಅವನು ಅರೆಬರೆ ಕಟ್ಟಿದ ಮನೆಯೊಂದರ ಮಾಳಿಗೆಯ ಮೇಲೆ ನನಗೆ ಬೆನ್ನು ಹಾಕಿ ನಿಂತಿದ್ದ. ಸದ್ಯ ಅವನ ಕಣ್ಣಿಗೆ ಬೀಳಲಿಲ್ಲ ಎಂದುಕೊಂಡು ಸಮಾಧಾನದಿಂದ ಹಿಂದಿರುಗಿದೆ.

ಮಾಲೀಕರು ಎರಡೂ ಫೋಟೋಗಳನ್ನು ತಮ್ಮ ಮನೆಯ ದೊಡ್ಡ ಟಿವಿಯಲ್ಲಿ ಹಾಕಿ, ನಮ್ಮಿಬ್ಬರನ್ನೂ ಮನೆಮಂದಿಯನ್ನೂ ಕೂರಿಸಿಕೊಂಡು ನೋಡಿದರು. ನನ್ನದನ್ನು ಬಹಳ ಹೊತ್ತು ನೋಡಿದರು. ನನ್ನ ಎದೆ ಉಬ್ಬುತ್ತಿತ್ತು.

“ನಿಮ್ದು ಭಾಳ ಸ್ವಚ್ಛ ಬಂದೈತ್ರಿ,” ಎಂದರು. “ಆದ್ರ ಇದ್ರಾಗ ಒಬ್ಬ ಮನಶ್ಯಾನೂ ಇಲ್ಲಲ್ರಿ. ಲಾಕ್‌ಡೌನ್‌ದಾಗ ತಗದಿದ್ದೇನು?”

ಮನೆಯವರೆಲ್ಲ ನಕ್ಕರು. ಗೆಳೆಯನ ಫೋಟೋದಲ್ಲಿ ಜನ ಇದ್ದರು. ಮಾಳಿಗೆಯ ಮೇಲೆ ಶಾವಿಗೆ ಒಣಹಾಕುವವರು, ಸರ್ಕಲ್ಲಿನಲ್ಲಿ ಬಸ್ಸಿಗೆ ಕಾದವರು, ಶಾಲೆಯ ಬಯಲಿನಲ್ಲಿ ಸಾಲು ನಿಂತ ಮಕ್ಕಳು. ಮಾಲೀಕರ ಹೆಂಡತಿ ಎದ್ದು ಟಿವಿಯ ಹತ್ತಿರ ಹೋಗಿ ಅದರಲ್ಲಿ ತಮ್ಮ ಮನೆಯ ಮಾಳಿಗೆ ಹುಡುಕಿದರು, ಅಲ್ಲಿ ಅವರೇ ಇದ್ದರು. ಅಲ್ಲಿಗೆ ಗೋಡೆ ಅವನ ಪಾಲಾಯಿತು. ನಾನು ಅವನ ಕೈ ಕುಲುಕಿ ಛಲೋ ಆಗಿದೆ ಎಂದೆ, ಹಾಗೆನ್ನುವಾಗ ಹಲ್ಲು ಕಡಿದದ್ದು ಅವನಿಗೂ ಕೇಳಿಸಿರಬೇಕು.

ಮಂಟಪ ಶುರುವಾದ ದಿನ ಊರಿಗೆ ಊರೇ ಬಂದಿತ್ತು. ಜನ ಹೋಳಿಗೆ ತಿನ್ನುತ್ತಿದ್ದರೆ ನಾನು ಆ ಗೋಡೆಗೆ ಮೂಗು ಹಚ್ಚಿ ಎಡದಿಂದ ಬಲಕ್ಕೆ ಸರಿಯುತ್ತಿದ್ದೆ. ಎಲ್ಲೋ ಒಂದು ಕಡೆ ಅವನ ಹೊಲಿಗೆ ತಪ್ಪಿರಲೇಬೇಕು. ಆಕಾಶದಲ್ಲಿ ತಪ್ಪಿರಲಿಲ್ಲ, ಹೊಲದ ಸಾಲುಗಳಲ್ಲೂ ಇಲ್ಲ, ಹೆದ್ದಾರಿ ಎಲ್ಲೂ ಮುರಿದಿರಲಿಲ್ಲ. ಅಷ್ಟು ಚೊಕ್ಕವಾಗಿರುವುದನ್ನು ನೋಡಿ ನೋಡಿ ಹೊಟ್ಟೆ ಉರಿಯಿತು. ಕೊನೆಗೆ ಬಲತುದಿಗೆ ಬಂದಾಗ, ಒಂದು ಗಿಡದ ಹಿಂದೆ ಯಾವನೋ ಹಳದಿ ತಲೆಯವನು ನಿಂತಿರುವುದು ಕಂಡಿತು. ಇವನನ್ನು ಆಗಲೇ ನೋಡಿದ್ದೇನಲ್ಲ ಅನ್ನಿಸಿ ಎಡತುದಿಗೆ ಓಡಿದೆ. ಅಲ್ಲಿ ಅವನೇ ರಸ್ತೆಯ ಮೇಲೆ ಸ್ಕೂಟರಿನಲ್ಲಿ ಬರುತ್ತಿದ್ದ. ಸುತ್ತು ಶುರುವಾಗುವಾಗ ರಸ್ತೆಯಲ್ಲಿದ್ದವನು ಅದು ಮುಗಿಯುವಾಗ ಗಿಡದ ಹಿಂದೆ ಸೇರಿದ್ದಾನೆ.

ಆ ಖುಷಿಯಲ್ಲಿ ಮುಂದಿನದನ್ನು ಯೋಚಿಸಲಿಲ್ಲ. ಮಾಲೀಕರನ್ನು ಕೂಗಿ ಕರೆದೆ. ಅವರ ಹಿಂದೆ ನಾಲ್ಕಾರು ಜನ ಬಂದರು, ಕೈಯಲ್ಲಿ ಚಹಾ ಕಪ್ಪು ಹಿಡಿದು ಗೆಳೆಯನೂ ಬಂದ.

“ನೋಡ್ರಿ, ಇಲ್ಲೂ ಅದ ಮನಶ್ಯಾ, ಅಲ್ಲೂ ಅದ ಮನಶ್ಯಾ,” ಎಂದೆ. “ಹೊಲಗಿ ತಪ್ಪೇತಿ.”

ಮಾಲೀಕರು ಕನ್ನಡಕ ಸರಿಮಾಡಿಕೊಂಡು ಈ ತುದಿ ನೋಡಿದರು, ನಡೆದು ಹೋಗಿ ಆ ತುದಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದು ನಿಂಬಿಹಣ್ಣ ಅಲ್ರಿ? ಗಿಡದ ಮರಿಗಿ ನಿಂತು ಏನ್ ನೋಡಾಕತ್ತೀರಿ?”

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಫೋಟೋದಲ್ಲಿ ನನ್ನ ಕತ್ತು ಗಿಡದಿಂದ ಎಷ್ಟು ಹೊರಗೆ ಚಾಚಿತ್ತೆಂದರೆ, ಕದ್ದು ನೋಡುತ್ತಿದ್ದಾನೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವನು ಬೆನ್ನು ಹಾಕಿ ನಿಂತಿದ್ದನೇ ಹೊರತು ಅವನ ಕ್ಯಾಮೆರಾ ನನ್ನ ನೆತ್ತಿಯ ಮೇಲೇ ಇತ್ತು, ಅಷ್ಟೂ ನನಗೆ ಹೊಳೆದಿರಲಿಲ್ಲ. ಜನ ನಗಲು ಶುರುಮಾಡಿದರು. ಗೆಳೆಯ ನಗಲಿಲ್ಲ.

“ಹೊಲ್ಯೂವಾಗನ ನೋಡೇನಿ,” ಎಂದ. “ಅಳಸೂದು ಏನ್ ದೊಡ್ಡ ಕೆಲಸಲ್ಲ. ನೀ ಇಲ್ದ ಇದೆಂಥಾ ಕುಷ್ಟಗಿ ಅಂತ ಬಿಟ್ಟೆ.”

ಮಾಲೀಕರು ಅವನ ಬೆನ್ನು ತಟ್ಟಿ ಎಂಥ ಮಾತು ಆಡಿದೆಯಪ್ಪ ಎಂದರು. ನನ್ನ ಹೆಂಡತಿಯ ಕಣ್ಣಲ್ಲಿ ನೀರು ಕಂಡಿತು. ಅವನು ಆಡಿಕೊಂಡಿದ್ದರೆ ಜಗಳ ತೆಗೆಯಬಹುದಿತ್ತು, ಅದಕ್ಕೂ ದಾರಿ ಬಿಡಲಿಲ್ಲ. ಫೋಟೋದಲ್ಲಿ ಗೆದ್ದದ್ದು ಸಾಲದೆಂದು ದೊಡ್ಡ ಮನಸ್ಸಿನಲ್ಲೂ ಅವನೇ ಗೆದ್ದ. ಅವನನ್ನು ತಬ್ಬಿಕೊಂಡೆ, ಎಲ್ಲರೂ ನೋಡುತ್ತಿದ್ದರಲ್ಲ. ಆದರೆ ಒಳಗಿನ ಕಿಚ್ಚು ಆ ದಿನದಿಂದ ಒಂದಿದ್ದದ್ದು ಎರಡಾಯಿತು.

ಈಗ ಆ ಮಂಟಪದ ಮದುವೆಗಳೆಲ್ಲ ಹೆಚ್ಚುಕಡಿಮೆ ನನಗೇ ಸಿಗುತ್ತವೆ. ಬಂದವರಿಗೆಲ್ಲ ಆ ಗೋಡೆಯ ಮುಂದೆ ನಿಂತೇ ಫೋಟೋ ಬೇಕು. ನಾನು ಎರಡೂ ಕಡೆಯ ಬೀಗರಲ್ಲಿ ಎತ್ತರದವರನ್ನು ಆರಿಸಿ ಒಬ್ಬರನ್ನು ಎಡತುದಿಗೆ, ಒಬ್ಬರನ್ನು ಬಲತುದಿಗೆ ನಿಲ್ಲಿಸುತ್ತೇನೆ. ಇನ್ನೊಂದು ಚೂರು ಸರಿಯಿರಿ ಎಂದು ಹೇಳಿ ಹೇಳಿ ಎರಡೂ ನಿಂಬೆಹಣ್ಣುಗಳನ್ನು ಅವರ ಬೆನ್ನ ಹಿಂದೆ ಮುಚ್ಚುತ್ತೇನೆ. ಗೆಳೆಯನ ಹೆಸರು ಮೇಲೆ ಆಕಾಶದ ಮೂಲೆಯಲ್ಲಿದೆ. ಅದನ್ನು ಮುಚ್ಚುವಷ್ಟು ಎತ್ತರದ ಬೀಗರು ನಮ್ಮ ಸೀಮೆಯಲ್ಲಿ ಇನ್ನೂ ಸಿಕ್ಕಿಲ್ಲ.