ಸತ್ತಿಯ ಅಂಗಳದಲ್ಲಿ ಹುಸೇನ ನದಾಫ

ಜನವರಿಯ ಒಂದು ಬುಧವಾರ ಸಂಜೆ ಐದು ಇಪ್ಪತ್ತಕ್ಕೆ ಹುಸೇನ ನದಾಫ ಸತ್ತಿ ಎಂಬ ಊರಿನ ಓಣಿಯಲ್ಲಿ, ಮುಂದಿದ್ದವರ ಹಿಮ್ಮಡಿಗಳನ್ನೇ ನೋಡುತ್ತ ನಡೆಯುತ್ತಿದ್ದ. ಗಸ್ತಿನ ಪದ್ಧತಿಯೇ ಹಾಗೆ. ಸಂಜೆಯ ಅಸರ್ ನಮಾಜಿನ ನಂತರ ಜಮಾತಿನವರು, ಅಂದರೆ ಊರೂರಿಗೆ ಹೋಗುವ ಧರ್ಮಪ್ರಚಾರದ ತಂಡದವರು, ಮುಸಲ್ಮಾನರ ಮನೆಮನೆಗೆ ಹೋಗಿ ಮಸೀದಿಗೆ ಬನ್ನಿರೆಂದು ಕರೆಯುತ್ತಾರೆ. ಮಾತಾಡುವವನು ಒಬ್ಬನೇ, ಉಳಿದವರು ಕಣ್ಣು ನೆಲಕ್ಕಿಟ್ಟು, ಮನಸ್ಸಿನಲ್ಲೇ ದೇವರ ಹೆಸರು ಹೇಳುತ್ತ ಹಿಂದೆ ನಡೆಯಬೇಕು. ಹುಸೇನನ ಕಾಲುಗಳು ನಡೆಯುತ್ತಿದ್ದವು, ಮನಸ್ಸು ನಡೆಯುತ್ತಿರಲಿಲ್ಲ.

ಅವನು ನಿಪ್ಪಾಣಿಯಲ್ಲಿ ಗಾದಿ ಹೊಲಿಯುವವನು. ಹೋದ ಮಳೆಗಾಲದಲ್ಲಿ ಹಿರಿಯ ಮಗ ಜುನೇದ ಡೆಂಗಿ ಜ್ವರದಿಂದ ತೀರಿಕೊಂಡ. ಮಣ್ಣು ಕೊಟ್ಟು ಬಂದ ಮೇಲೆ ಹುಸೇನ ಒಂದು ನಮಾಜನ್ನೂ ಬಿಟ್ಟಿರಲಿಲ್ಲ. ಆದರೆ ಕೊನೆಯಲ್ಲಿ ಕೈಯೆತ್ತಿ ಮಗನಿಗಾಗಿ ಬೇಡಿಕೊಳ್ಳಬೇಕಾದಾಗ ಅವನ ಹೆಸರು ಬಾಯಿಂದ ಹೊರಡುತ್ತಿರಲಿಲ್ಲ, ಕಣ್ಣಿಂದ ನೀರೂ ಬರುತ್ತಿರಲಿಲ್ಲ. ಸತ್ತವರಿಗೆ ಇದ್ದವರು ಕಳಿಸಬಹುದಾದದ್ದು ದುವಾ ಒಂದೇ, ಅದನ್ನೂ ತಾನು ಕಳಿಸಲಿಲ್ಲವೆಂಬ ಕೊರಗು ಅವನನ್ನು ಒಳಗೇ ತಿನ್ನುತ್ತಿತ್ತು. ಹೆಂಡತಿ ಶಹಜಾದಬಿಯೇ ಅವನನ್ನು ಒಂದು ವಾರದ ಜಮಾತಿಗೆ ಹೊರಡಿಸಿದ್ದಳು.

“ಹೋಗಿ ಬರ್ರಿ. ಮನ್ಯಾಗ ಕುಂತ ಗ್ವಾಡಿ ನೋಡುದಕ್ಕಿಂತ ಛಲೋ. ಅಲ್ಲೆರ ನಿಮ್ಮ ಬಾಯಿ ಬಿಟ್ಟೀತು.”

ಬಾಯಿ ಬಿಡಲಿಲ್ಲ. ಕಬ್ಬಿನ ಹಂಗಾಮು, ಊರಿನವರೆಲ್ಲ ಹೊಲದಲ್ಲಿ. ಹೋದಲ್ಲೆಲ್ಲ ಬಾಗಿಲಿಗೆ ಕೀಲಿ. ಸಿಕ್ಕ ಒಬ್ಬ, “ಚಾಚಾ, ನಾಳೆ ಹೊಲಕ್ಕ ಬರ್ರಿ. ನೀವ ಕಬ್ಬ ಕಡೀರಿ, ನಾವ ಕುಂತ ನಿಮ್ಮ ಬಯಾನ, ಉಪದೇಶ ಎಲ್ಲಾ ಕೇಳ್ತೀವಿ” ಎಂದು ನಕ್ಕಿದ್ದ. ರಾತ್ರಿ ಮಲಗುತ್ತಿದ್ದ ಮಸೀದಿಯ ಫರಶಿಕಲ್ಲಿನ ಥಂಡಿ ಚಾಪೆ ದಾಟಿ ಬೆನ್ನಿಗೆ ಹತ್ತುತ್ತಿತ್ತು. ಅಡುಗೆಯ ಪಾಳಿ ಬಂದ ದಿನ ಹುಸೇನ ಬೇಳೆ ಸೀಯಿಸಿದ. ಎಲ್ಲರೂ ಅದನ್ನೇ ಉಂಡರು. ಜಮಾತಿನ ಮುಖ್ಯಸ್ಥ ಅಸ್ಫಾಕ ಒಳ್ಳೆಯವನು, ಸಬರ್ ಇರಲಿ, ತಾಳ್ಮೆ ಇರಲಿ ಎಂದು ಆಗಾಗ ಹೆಗಲು ಮುಟ್ಟುತ್ತಿದ್ದ. ಮುಟ್ಟಿದಷ್ಟೂ ಹುಸೇನ ಬಿಗಿದುಕೊಳ್ಳುತ್ತಿದ್ದ.

ಆ ಬುಧವಾರ ಸಂಜೆ ಓಣಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂತು. ಎಲ್ಲರೂ ಗೋಡೆಗೆ ಸರಿದರು. ಅದು ಹೋದ ಮೇಲೆ ಧೂಳಿನಲ್ಲಿ ಬಿಳಿ ಅರಿವೆಯ ಅಂಚೊಂದು ಕಂಡಿತು. ಹುಸೇನ ತಲೆಯೆತ್ತದೆ ಅದರ ಬೆನ್ನು ಹತ್ತಿದ. ಅದು ಅಸ್ಫಾಕನ ಪೈಜಾಮಾ ಆಗಿರಲಿಲ್ಲ. ಕುರಿ ಹೊಡೆದುಕೊಂಡು ಮನೆಗೆ ಹೊರಟಿದ್ದ ಸಿದರಾಯನ ಧೋತರವಾಗಿತ್ತು. ಟಗರೊಂದು ಮೊಣಕಾಲಿಗೆ ಗುದ್ದಿದಾಗಲೇ ತಾನು ಬೇರೆಯವರ ಅಂಗಳದಲ್ಲಿ, ಕುರಿಗಳ ನಡುವೆ ನಿಂತಿರುವುದು ಅವನಿಗೆ ಗೊತ್ತಾದದ್ದು.

ಸಿದರಾಯನ ಹೆಂಡತಿ ಮಲಕವ್ವ ಒಂದು ಕುರಿಯ ಪಕ್ಕ ಹಾಲು ಹಿಂಡುತ್ತ ಕೂತಿದ್ದಳು. ತಲೆಯೆತ್ತಿ ಗಂಡನಿಗೆ ಹೇಳಿದಳು: “ಮುಂಜಾನೆ ಎಣಿಸಿ ಬಿಟ್ಟಿದ್ನಿ. ಸಂಜಿಕ ಒಂದ ಹೆಚ್ಚಿಗಿ ಹೊಡ್ಕೊಂಡ ಬಂದೀರಲ್ಲ.”

ಹುಸೇನ ನಾಚಿ, ದಾರಿ ತಪ್ಪಿತೆಂದು ಮಾಫಿ ಕೇಳಿ ತಿರುಗಿದ. ಅವಳು ಬಿಡಲಿಲ್ಲ. ಬಂದವರು ನೀರು ಕುಡಿಯದೆ ಹೋಗಬಾರದೆಂದು ಗಂಡನಿಂದ ಕಂಬಳಿ ಹಾಸಿಸಿದಳು. ಊರು, ಕಸುಬು ಕೇಳಿದಳು; ಮಕ್ಕಳೆಷ್ಟೆಂದೂ ಕೇಳಿದಳು. ಎರಡು ಎಂದ ಹುಸೇನ. ಮಳೆಗಾಲದಿಂದೀಚೆಗೆ ಗುರುತಿಲ್ಲದವರಿಗೆ ಅವನು ಹೇಳುತ್ತಿದ್ದುದು ಹಾಗೇ. ನಿಜ ಹೇಳಿದರೆ ಅದರ ಹಿಂದೆ ಬರುವ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತಿತ್ತು.

ಮಲಕವ್ವ ಮತ್ತೆ ಕೆಚ್ಚಲಿಗೆ ಕೈ ಹಾಕಿದಳು. ಹಾಲನ್ನು ಅವಳು ಪಾತ್ರೆಗಲ್ಲ, ನೆಲಕ್ಕೆ ಹಿಂಡುತ್ತಿದ್ದಳು. ಯಾಕೆಂದು ಹುಸೇನ ಕೇಳಿದ.

“ಇದರ ಮರಿ ನಿನ್ನಿ ಸತ್ತತ್ರಿ ಅಣ್ಣಾ. ಮರಿ ಹೋದ್ರೂ ಹಾಲ ಬರೂದ ಬರತೈತಿ. ಹಿಂಡಿ ತಗೀಲಿಲ್ಲಂದ್ರ ಒಳಗ ಗಡ್ಡಿ ಕಟ್ಟಿ ಕುರಿನೂ ಹೋಗ್ತೈತಿ.” ಅದರ ಬೆನ್ನು ಸವರಿದಳು. “ನೋವಾಗ್ತೈತಿ ಅದಕ್ಕ, ಒದೀತೈತಿ. ಒದೀಲಿ ಬಿಡ್ರಿ.”

ಕುರಿ ಒಮ್ಮೆ ಅರಚಿತು. ಹುಸೇನ ಟೊಪ್ಪಿಗೆ ತೆಗೆದು ಮುಖಕ್ಕೆ ಒತ್ತಿಕೊಂಡ. ಮೈಯೆಲ್ಲ ಅಲುಗುವಂತೆ ಅತ್ತ. ಮಲಕವ್ವ ನೀರಿನ ತಂಬಿಗೆಯನ್ನು ಅವನ ಹತ್ತಿರ ಸರಿಸಿ, ಅವನತ್ತ ಬೆನ್ನು ಮಾಡಿ ಹಿಂಡುತ್ತ ಕೂತಳು. ಸಿದರಾಯ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅಜಾನ್ ಕೇಳಿದಾಗ ಅವನೇ ಹುಸೇನನನ್ನು ಮಸೀದಿಯ ಬಾಗಿಲವರೆಗೆ ಕರೆದೊಯ್ದು ಬಿಟ್ಟ.

ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜು ಮುಗಿದು ಕೈಯೆತ್ತಿದಾಗ ಹುಸೇನನ ಬಾಯಿಂದ ಮಗನ ಹೆಸರು ಬಂತು. ಅದರ ಹಿಂದಿನ ಮಾತುಗಳು ಒಂದಕ್ಕೊಂದು ಕೂಡಿರಲಿಲ್ಲ: ಜುನೇದನನ್ನು ತಣ್ಣಗಿಡು, ಸೆಕೆ ತಡೆಯದ ಹುಡುಗ, ಜ್ವರದಲ್ಲಿ ಬಹಳ ಬೆಂದಿದ್ದಾನೆ. ಪಕ್ಕದಲ್ಲಿದ್ದ ಅಸ್ಫಾಕ ತನ್ನ ದುವಾ ನಿಲ್ಲಿಸಿ, ಹುಸೇನನ ಒಂದೊಂದು ಮಾತಿಗೂ ಆಮೀನ್ ಎನ್ನುತ್ತ ಕೂತ.

ಉಳಿದ ದಿನಗಳು ಸುಲಭವೇನೂ ಆಗಲಿಲ್ಲ. ಬಾಗಿಲುಗಳಿಗೆ ಕೀಲಿ ಇದ್ದೇ ಇತ್ತು. ಅಳು ಈಗ ಬೇಕಾದಾಗ ಬರುತ್ತಿತ್ತು, ಬೇಡವಾದಾಗಲೂ.

ಜಮಾತು ಹೊರಟ ಮುಂಜಾನೆ ಮಲಕವ್ವ ಬಸ್ಸಿನ ಹತ್ತಿರ ಬಂದು ಒಂದು ಗಂಟು ಮುಂದೆ ಚಾಚಿದಳು. ದಾರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. “ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಬ್ಯಾರೆ ಕಟ್ಟೇನ್ರಿ ಅಣ್ಣಾ. ನಿಮ್ಮ ಎರಡ ಮಕ್ಕಳಿಗಿ ಎರಡ.”

ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಹುಸೇನ ಕೆಳಗಿಳಿದ. ಹಿಂದಿದ್ದವರು ಗೊಣಗಿದರು. ಆ ದಿನ ತಾನು ತಪ್ಪು ಹೇಳಿದೆನೆಂದು, ಹಿರಿಯವನ ಹೆಸರು ಜುನೇದ ಎಂದು, ಅವನು ಈಗ ನಿಪ್ಪಾಣಿಯ ಮಣ್ಣಲ್ಲಿದ್ದಾನೆಂದು ತಡೆತಡೆದು ಹೇಳಿದ. ಮಲಕವ್ವ ಗಂಟನ್ನು ಹಿಡಿದುಕೊಂಡೇ ಅವನ ಮಾತು ಕೇಳಿಸಿಕೊಂಡಳು.

“ನನಗ ಮಕ್ಕಳ ಎರಡಲ್ಲ, ಅಕ್ಕಾ,” ಎಂದ ಹುಸೇನ. “ಮೂರು.”