ಹೀಟರ್ ಆರದಂತೆ ಕುಣಿದದ್ದು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇದನ್ನು ಮೂರ್ನಾಡಿನ ಅಂಗಡಿ ಅಂಗಡಿಗೂ ಹೇಳಿ ಆಯಿತು, ಬಸ್ಸಿನ ಕಂಡಕ್ಟರಿಗೆ ಹೇಳಿ ಆಯಿತು. ಗೊಬ್ಬರದ ಅಂಗಡಿಯವರಂತೂ ನನ್ನನ್ನು ಕಂಡರೆ ಒಳಗೆ ಹೋಗುತ್ತಾರೆ. ಕೇಳುವವರು ಯಾರೂ ಉಳಿಯದ್ದರಿಂದ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಮಗುವಿನ ಮುಖ ನೋಡಿ ಬಿಟ್ಟುಬಿಡಿ, ಅಂಥಾ ಮುಖ ಅದು.

ಮಗಳಿಗೆ ಹೆರಿಗೆಯಾದದ್ದು ಜೋರು ಮಳೆಗಾಲದಲ್ಲಿ, ಒಂದು ದೊಡ್ಡ ಆಸ್ಪತ್ರೆಯಲ್ಲಿ. ಯಾವುದೆಂದು ಹೇಳುವುದಿಲ್ಲ, ಅಲ್ಲಿಯ ನರ್ಸಮ್ಮಂದಿರು ನನಗೆ ಬೇಕಾದವರು. ಮಗು ದಿನ ತುಂಬುವ ಮೊದಲೇ ಬಂದುಬಿಟ್ಟಿತ್ತು. ಬೆಳಿಗ್ಗೆ ಡಾಕ್ಟರಮ್ಮ ಅದರ ಪಾದ ಮುಟ್ಟಿ ನೋಡಿದರು.

"ಅಜ್ಜೀ, ತಾಯಿ ಎದೆಗೆ ಒತ್ತಿ ಬೆಚ್ಚಗೆ ಇಟ್ಕೊಳ್ಳಿ. ಸಂಜೆ ಬಂದು ನೋಡ್ತೀನಿ. ಪಾದ ತಣ್ಣಗಿದ್ರೆ ಮೈಸೂರಿಗೆ ಕಳಿಸ್ಬೇಕಾಗುತ್ತೆ. ಇಲ್ಲಿ ಮಕ್ಕಳನ್ನ ಬೆಚ್ಚಗಿಡೋ ಪೆಟ್ಟಿಗೆ ಒಂದೂ ಖಾಲಿ ಇಲ್ಲ."

ಮಗಳಿಗೆ ಹೊಲಿಗೆ ಹಾಕಿತ್ತು, ಏಳುವ ಹಾಗಿಲ್ಲ. ಮಗು ಮೈಸೂರಿಗೆ, ತಾಯಿ ಇಲ್ಲಿ! ಅವಳು ಮಗುವನ್ನು ಅಪ್ಪಿಕೊಂಡು, "ಅವ್ವಾ, ಕಳಿಸ್ಬೇಡಿ ಅನ್ನಿ" ಎಂದು ಅಳತೊಡಗಿದಳು.

ಗೋಡೆಯ ಮೇಲೆ ಹೀಟರ್ ಇತ್ತು, ಉರಿಯುತ್ತಲೂ ಇತ್ತು. ಸಮಾಧಾನ ಮಾಡಿಕೊಂಡು ನಾನು ಸ್ಟೂಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಲೈಟು ಹೋಯಿತು, ಹೀಟರೂ ಹೋಯಿತು. ಕರೆಂಟು ಹೋಯಿತೆಂದು ಬಾಗಿಲ ಕಡೆ ಹೊರಟೆ. ಎರಡೂ ಹತ್ತಿದವು. ಕೂತೆ, ಆರಿದವು.

ನರ್ಸಮ್ಮ ನಕ್ಕರು. "ಕರೆಂಟ್ ಅಲ್ಲ ಅಜ್ಜೀ, ಸೆನ್ಸರ್. ಮೇಲೆ ನೋಡಿ."

ಮಾಡಿಗೆ ಒಂದು ಬಿಳಿ ಕಣ್ಣು ಅಂಟಿಸಿದ್ದರು. ಕರೆಂಟು ಉಳಿಸುವುದಕ್ಕೆಂದೇ ಆಸ್ಪತ್ರೆಯಲ್ಲಿ ಒಂದು ಸಮಿತಿಯಂತೆ, ಅವರು ತಂದದ್ದಂತೆ. ಯಾರಾದರೂ ಅಲ್ಲಾಡಿದರೆ ಕಣ್ಣು ಎಲ್ಲವನ್ನೂ ಹತ್ತಿಸುತ್ತದೆ. ಅಲ್ಲಾಡದಿದ್ದರೆ ಕೋಣೆ ಖಾಲಿ ಎಂದು ತಿಳಿದು ಆರಿಸುತ್ತದೆ. ಜನ ಓಡಾಡುವ ಕಡೆಗೆ ಒಳ್ಳೆಯದೇ. ಆದರೆ ಇದು ಬಾಣಂತಿಯರ ವಾರ್ಡು. ಅಲ್ಲಾಡಬೇಡಿ ಎಂದು ಒಬ್ಬ ಡಾಕ್ಟರ್ ಹೇಳಿ ಹೋದರೆ, ಅಲ್ಲಾಡದವರು ಇಲ್ಲವೇ ಇಲ್ಲ ಎಂದು ಸಮಿತಿ ಹೇಳುತ್ತದೆ.

ನಾನು ಕೈ ಬೀಸಿದೆ. ಕೈ ಸೋತಿತು. ಅತ್ತಿತ್ತ ನಡೆದೆ, ಬೇಜಾರು ಬಂತು. ನಮ್ಮ ಕಡೆ ಮದುವೆಯಲ್ಲಿ ವಾಲಗ ಊದಿದರೆ ಕುಣಿಯದೆ ಊಟಕ್ಕೆ ಹೋಗುವವರಿಲ್ಲ. ವಾಲಗಕ್ಕೆ ಕುಣಿಯುವಾಗ ಯಾರಿಗಾದರೂ ದಣಿವಾದದ್ದುಂಟೆ? ಬಾಯಲ್ಲೇ ವಾಲಗ ಗುನುಗಿಕೊಂಡು, ಎರಡು ಕೈ ಎತ್ತಿ, ಮಂಚಗಳ ನಡುವೆ ಕುಣಿಯಲು ಶುರು ಮಾಡಿದೆ. ಮೊಮ್ಮಗಳು ಹುಟ್ಟಿದ್ದಕ್ಕೆ ಹೇಗೂ ಕುಣಿಯಬೇಕಿತ್ತು.

"ಅವ್ವಾ, ಮರ್ಯಾದೆ!" ಎಂದಳು ಮಗಳು.

"ಹೀಟರ್ ನೋಡು ಮಾರಾಯ್ತಿ, ನನ್ನ ನೋಡ್ಬೇಡ!"

ಪಕ್ಕದ ಮಂಚದ ಹುಡುಗಿಯ ತಾಯಿ ಹುದಿಕೇರಿ ಕಡೆಯ ಎಸ್ಟೇಟಿನವಳು, ಅಲ್ಲಿಯ ಕೂಲಿಯವರ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ನೀ ಕುಂತ್ಕೋ ಅಕ್ಕಾ, ಪಾವಂ, ಕಾಲು ನೋಯುತ್ತೆ. ಇನ್ನು ನಾನ್ ಆಡ್ತೀನಿ."

ಅವಳಿಗೆ ಕುಣಿತ ಒಪ್ಪಿಸಿ ನಾನು ಸಮಿತಿಯವರನ್ನು ಹುಡುಕಿಕೊಂಡು ಹೋದೆ. ಅವರು ಮೀಟಿಂಗ್ ಹಾಲಿನಲ್ಲಿ ಕರೆಂಟು ಉಳಿಸುವ ಮಾತಾಡುತ್ತಿದ್ದರು. ಹೊರಗೆ ಆ ಮಳೆ, ಒಳಗೆ ಏಸಿ! ಎಲ್ಲರೂ ಸ್ವೆಟರ್ ಹಾಕಿ ಬಿಸಿ ಬೋಂಡ ತಿನ್ನುತ್ತಿದ್ದರು. ಬೋಂಡಕ್ಕೆ ಹೋಗಿ ಬರುವ ಕೈಗಳನ್ನು ನೋಡಿ ಅಲ್ಲಿಯ ಕಣ್ಣಿಗೆ ತೃಪ್ತಿಯಾಗಿತ್ತು.

"ಸಾರ್, ಆ ಕಣ್ಣು ಒಂದು ತೆಗೆಸಿ. ಮಗೂಗೆ ಚಳಿ."

ದೊಡ್ಡವರು ಬೋಂಡ ಕೆಳಗಿಟ್ಟರು. "ಅದನ್ನ ಮೊನ್ನೆ ತಾನೇ ಟೇಪ್ ಕತ್ತರಿಸಿ ಉದ್ಘಾಟನೆ ಮಾಡಿದ್ದು ಅಜ್ಜಿ. ತೆಗೆಯೋಕಾಗಲ್ಲ. ಬೇಕಾದ್ರೆ ಬಂದು ಪರಿಶೀಲಿಸ್ತೇವೆ."

ಬಂದರು. ಸಾಲಾಗಿ ನಿಂತು ತಲೆಯೆತ್ತಿ ಕಣ್ಣನ್ನು ನೋಡಿದರು. ದೊಡ್ಡವರ ಎದುರು ಕುಣಿಯುವುದು ಹೇಗೆಂದು ಎಸ್ಟೇಟಿನವಳೂ ನಿಂತಳು. ವಾರ್ಡು ತುಂಬ ಜನ, ಒಬ್ಬರೂ ಅಲ್ಲಾಡಲಿಲ್ಲ. ಎಲ್ಲ ಆರಿತು.

ಕತ್ತಲಲ್ಲಿ ಒಬ್ಬರು ಸಂತೋಷದಿಂದ ಹೇಳಿದರು: "ನೋಡಿದ್ರಾ ಸಾರ್! ಯಾರೂ ಇಲ್ದಿದ್ರೆ ಎಷ್ಟು ಕರೆಕ್ಟಾಗಿ ಆಫ್ ಆಗುತ್ತೆ!"

"ಹಾಗಾದ್ರೆ ನಾವೆಲ್ಲ ಎಂತ, ಸತ್ತಿದ್ದೇವಾ?" ಎಂದು ನಾನು ಕೈ ಎತ್ತಿ ಕುಣಿದೇಬಿಟ್ಟೆ. ಲೈಟು ಹತ್ತಿತು. ಎಸ್ಟೇಟಿನವಳೂ ಸೇರಿದಳು. ಸಮಿತಿಯಲ್ಲಿ ನಮ್ಮ ಕಡೆಯವರೊಬ್ಬರಿದ್ದರು ಎಂದು ಕಾಣುತ್ತದೆ, ಗುನುಗು ಕೇಳಿ ಅವರ ಕಾಲು ತಾನಾಗಿ ತಾಳ ಹಾಕುತ್ತಿತ್ತು. ದೊಡ್ಡವರು ತಿರುಗಿ ನೋಡಿದ ಮೇಲೆ ನಿಂತಿತು.

ಸಂಜೆಯವರೆಗೆ ನಾವಿಬ್ಬರೂ ಸರದಿಯಲ್ಲಿ ಕುಣಿದೆವು. ಡಾಕ್ಟರಮ್ಮ ಬಂದು ಬಟ್ಟೆ ಸರಿಸಿದರು. ನನ್ನ ಹೆಬ್ಬೆರಳಿಗಿಂತ ಒಂಚೂರು ಉದ್ದದ ಪಾದ. ಮುಟ್ಟಿದರು. ನನ್ನ ಉಸಿರು ನಿಂತಿತ್ತು, ಕಾಲು ಮಾತ್ರ ನಿಂತಿರಲಿಲ್ಲ.

"ಬೆಚ್ಚಗಿದೆ ಅಜ್ಜೀ. ಇಲ್ಲೇ ಇರ್ಲಿ. ಇನ್ನಾದ್ರೂ ಕೂತ್ಕೊಳ್ಳಿ."

"ಕೂತ್ರೆ ಆರುತ್ತೆ ಡಾಕ್ಟ್ರೇ!"

ಸಮಿತಿಯವರು ಕಣ್ಣನ್ನು ತೆಗೆಸಲಿಲ್ಲ. ಬಾಣಂತಿಯ ಜೊತೆ ಒಬ್ಬರೇ ಇರಬೇಕೆಂಬ ನಿಯಮವನ್ನು ಸಡಿಲಿಸಿ, ಅಲ್ಲಾಡುವುದಕ್ಕೆಂದು ಇನ್ನೊಬ್ಬರಿಗೆ ಪಾಸು ಕೊಟ್ಟರು. ಮರುದಿನ ನನ್ನ ಗಂಡ ಬಂದಾಗ ಗೇಟಿನವನು, "ಕುಣಿಯೋಕಾ? ಹೋಗಿ ಹೋಗಿ" ಎಂದನಂತೆ. ಇವರು ಮದುವೆಯಲ್ಲೂ ಕುಣಿದವರಲ್ಲ, ಅವತ್ತು ಕುಣಿದರು.

ಈಗ ಮಗು ಮನೆಯಲ್ಲಿದೆ. ಎಷ್ಟು ಸುತ್ತಿದರೂ ಎರಡೂ ಪಾದ ಹೊರಗೆ ಹಾಕಿ ಬಡಿಯುತ್ತದೆ. ಇವಳಿರುವ ಕೋಣೆಯನ್ನು ಖಾಲಿ ಎನ್ನಲು ಯಾವ ಸಮಿತಿಯ ಕಣ್ಣಿಗೂ ಸಾಧ್ಯವಿಲ್ಲ.