ಮೋಟಾರಿನ ಕೋಣೆಗೆ ಸುಣ್ಣ

ಕಳೆದ ವಾರ ನನ್ನ ಗೆಳೆಯ ಇಬ್ರಾಹಿಂ ಕೈಯಾರೆ ಕೆಲಸ ಕಳೆದುಕೊಳ್ಳಲು ಹೊರಟಿದ್ದ. ನೋಡುತ್ತಾ ನಿಂತಿದ್ದ ನನಗೆ ಹೆಮ್ಮೆಯೋ ಹೆಮ್ಮೆ.

ಇಬ್ರಾಹಿಂ ನಮ್ಮೂರು ಮದ್ದೂರಿನ ರೈಸ್‌ಮಿಲ್ಲಿನ ಮೆಕ್ಯಾನಿಕ್ಕು. (ನಾನು ಅಲ್ಲಿಗೆ ಬರೀ ಹರಟೆಗೆ ಹೋಗುವವನು.) ಮಿಲ್ಲಿನ ಮೋಟಾರೆಂದರೆ ಅವನಿಗೆ ಪ್ರಾಣ. ಮಳೆಗಾಲದ ತೇವ ತಗುಲಬಾರದೆಂದು ಅದರ ಕೋಣೆಯ ಕಿಟಕಿ ಮುಚ್ಚಿ, ಒಳಗೆ ಬುಟ್ಟಿ ಬುಟ್ಟಿ ಸುಣ್ಣ ಇಟ್ಟ. ಗೂಡಿನಲ್ಲಿ ಸುಟ್ಟ, ಇನ್ನೂ ನೀರು ಕಾಣದ ಸುಣ್ಣ. ಅದು ಕೋಣೆಯ ತೇವವನ್ನೆಲ್ಲ ಹೀರಿತು.

ಶುರುವಾಯಿತು ಫಜೀತಿ. ಮೋಟಾರಿನಲ್ಲಿ ಕಾರ್ಬನ್ ಬ್ರಷ್ಷುಗಳಿರುತ್ತವೆ (ಹಲ್ಲುಜ್ಜುವಂಥದ್ದಲ್ಲ, ತಿರುಗುವ ತಾಮ್ರದ ಬಳೆಗೆ ಒತ್ತಿಕೊಂಡು ಕರೆಂಟು ದಾಟಿಸುವ ಇದ್ದಿಲಿನ ತುಂಡುಗಳು). ವರ್ಷಗಟ್ಟಲೆ ಬಾಳಬೇಕಾದವು ನೋಡನೋಡುತ್ತಲೇ ಸವೆದು ಕರಿ ಪುಡಿಯಾದವು. ಯುದ್ಧದಿಂದಾಗಿ ಸೀಮೆಯ ಹಡಗುಗಳೇ ಬಾರದಿರುವಾಗ ಹೊಸ ಬ್ರಷ್ ಎಲ್ಲಿಂದ ತರುವುದು? ಉಳಿದದ್ದು ಒಂದೇ ಜೊತೆ. ಅದೂ ಹೋದರೆ ಮಿಲ್ಲಿಗೆ ಬೀಗ, ನಿಡಘಟ್ಟದ ಭತ್ತದ ಗಾಡಿಗಳು ಬಂದ ದಾರಿಗೆ ವಾಪಸು.

"ವಾರ್ ಟೈಮಿನ ಮಾಲು, ಇನ್ನೇನಾದೀತು" ಎಂದು ಮಿಲ್ಲಿನ ಸಾಹುಕಾರರು ಕೈಚೆಲ್ಲಿದರು. ನಾವೆಲ್ಲ ತಲೆಯಾಡಿಸಿದೆವು.

ಅಷ್ಟರಲ್ಲಿ ರಂಜಾನ್ ಬಂತು. ಮನೆಗೆ ಬಳಿಯಲು ಇಬ್ರಾಹಿಂ ಕೋಣೆಯ ಸುಣ್ಣವನ್ನೇ ಒಯ್ದ. ಪುಡಿ ಬೀಳುವುದು ನಿಂತಿತು. ಅವನಿಗೆ ಅನುಮಾನ. ಹೊಸ ಸುಣ್ಣ ತಂದಿಟ್ಟ, ಮತ್ತೆ ಪುಡಿ. ತೆಗೆದ, ಪುಡಿಯಿಲ್ಲ.

"ಗಾಳೀಲಿ ವಸಿ ಪಸೆ ಇದ್ರೇನೆ ಇದ್ಲು ನುಣ್ಣಗೆ ಜಾರೋದು ಕಣ್ಲಾ. ಒಣಗಿದ್ರೆ ಉಜ್ಜಿ ಉಜ್ಜಿ ಸವೀತದೆ. ನಾನೇ ಆಳ್ ಮಾಡ್ದೆ" ಎಂದ ನನ್ನ ಹತ್ತಿರ.

"ಸುಮ್ಕೆ ಸುಣ್ಣ ಎತ್ತಿ ಬಿಸಾಕ್ಲಾ. ಯಾರ್ಗೊತ್ತಾಯ್ತದೆ? ಬೈಯಕೆ ಯುದ್ಧ ಅದೆಯಲ್ಲ" ಎಂದೆ. (ಸಲಹೆ ಕೊಡಲು ನನಗೇನು ಖರ್ಚು?)

ಕೇಳಿದನೇ? ಗಾಡಿಯವರೆಲ್ಲ ನೋಡುತ್ತಿರುವಾಗಲೇ ಸುಣ್ಣದ ಬುಟ್ಟಿಯನ್ನು ಸಾಹುಕಾರರ ಮುಂದೆ ಇಳಿಸಿದ. "ಬ್ರಷ್ ತಿಂದಿದ್ದು ಇದು ಸಾವ್ಕಾರ್ರೆ. ಮಡಗಿದ್ದು ನಾನು. ಕೆಲ್ಸ ಬುಡ್ಸದಾದ್ರೆ ಬುಡ್ಸಿ."

ಸಾಹುಕಾರರು ಬೈದರು, ಹೊಟ್ಟೆ ತುಂಬ ಬೈದರು. ಕೆಲಸ ಮಾತ್ರ ಬಿಡಿಸಲಿಲ್ಲ. ಕೊನೆಯ ಜೊತೆ ಬ್ರಷ್ಷು ಇವತ್ತಿಗೂ ಗಟ್ಟಿಯಾಗಿದೆ.

ಬೈಗುಳ ಮುಗಿದದ್ದೇ ತಡ, ಇಬ್ರಾಹಿಂ ಸೈಕಲ್ ಹತ್ತಿದ.

"ಎಲ್ಲಿಗ್ಲಾ?" ಎಂದೆ.

"ಮಳವಳ್ಳಿಗೆ. ನನ್ ನೋಡ್ಕಂಡು ಅಲ್ಲಿ ಮಿಲ್ಲೋರೂ ಸುಣ್ಣ ಮಡಗವ್ರೆ. ಯೋಳ್ಬುಟ್ಟು ಬತ್ತೀನಿ."

ತನ್ನ ತಪ್ಪನ್ನು ಪಕ್ಕದ ಊರಿಗೂ ಹೋಗಿ ಹೇಳಿ ಬರುವವನು ನಮ್ಮೂರಲ್ಲಿ ಒಬ್ಬನಿದ್ದಾನೆ, ನಿಮ್ಮೂರಲ್ಲಿ?